ಹಳೇ ಫ್ಯೂಸ್ ಬೋರ್ಡ್ ತೆಗೆಸಿ ಎಂಸಿಬಿ ಹಾಕಿಸುವುದು: ಏನೇನು ನೋಡಬೇಕು, ಎಷ್ಟು ಖರ್ಚು

ಮೂವತ್ತು ನಲವತ್ತು ವರ್ಷ ಹಳೆಯ ಮನೆಗಳ ಜಗಲಿಯಲ್ಲೋ ಪಡಸಾಲೆಯಲ್ಲೋ ಈಗಲೂ ಒಂದು ಮರದ ಹಲಗೆ ಕಾಣುತ್ತದೆ. ಅದರ ಮೇಲೆ ಮೀಟರು, ಪಕ್ಕದಲ್ಲಿ ಹಿಡಿ ಇರುವ ಕಬ್ಬಿಣದ ಮೇನ್ ಸ್ವಿಚ್, ಕೆಳಗೆ ಸಾಲಾಗಿ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳು. ಆ ಬೋರ್ಡ್ ಹಾಕಿದ ಕಾಲಕ್ಕೆ ಮನೆಯಲ್ಲಿ ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ರೇಡಿಯೊ ಇದ್ದಿರಬಹುದು. ಈಗ ಅದೇ ತಂತಿಗಳಿಗೆ ಫ್ರಿಜ್, ಗೀಸರ್, ವಾಷಿಂಗ್ ಮಷಿನ್, ಇಂಡಕ್ಷನ್ ಒಲೆ ಎಲ್ಲ ಬಂದು ಸೇರಿವೆ.

ಈ ಫ್ಯೂಸುಗಳ ಜಾಗಕ್ಕೆ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ (ಆಫ್ ಆಗುವ) ಸ್ವಿಚ್, ಹಾಕಿ ಬೋರ್ಡ್ ಬದಲಾಯಿಸುವುದು ಅರ್ಧ ದಿನದ ಕೆಲಸ. ಆದರೆ ಅದರ ಹಿಂದಿರುವ ತಂತಿ, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ), ಅರ್ಥಿಂಗ್ (ನೆಲಕ್ಕೆ ಕೊಟ್ಟ ಜೋಡಣೆ) ನೋಡದೆ ಬರೀ ಡಬ್ಬಿ ಬದಲಾಯಿಸಿದರೆ ದುಡ್ಡು ದಂಡ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದು ನೀವೇ ಸ್ಕ್ರೂಡ್ರೈವರ್ ಹಿಡಿದು ಮಾಡುವ ಕೆಲಸ ಅಲ್ಲ. ಮೇನ್ ಸ್ವಿಚ್ ಆಫ್ ಮಾಡಿದರೂ ಅದಕ್ಕೆ ಬರುವ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಕೆಲಸದವರ ಹತ್ತಿರ ಏನು ಕೇಳಬೇಕು, ಯಾವುದಕ್ಕೆ ಒಪ್ಪಬಾರದು ಅನ್ನುವುದು ಮನೆಯವರಿಗೆ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಫ್ಯೂಸ್ ಅಷ್ಟೊಂದು ಕೆಟ್ಟದ್ದಾ?

ಅಲ್ಲ. ಸರಿಯಾದ ಅಳತೆಯ ಫ್ಯೂಸ್ ವೈರ್ ಕಟ್ಟಿದ್ದರೆ ಶಾರ್ಟ್ ಸರ್ಕ್ಯೂಟ್ ಆದ ತಕ್ಷಣ ಅದು ಕರಗುತ್ತದೆ. ತೊಂದರೆ ಇರುವುದು ಕಟ್ಟುವ ಕೈಯಲ್ಲಿ. ರಾತ್ರಿ ಹತ್ತು ಗಂಟೆಗೆ ಫ್ಯೂಸ್ ಹೋದರೆ ಅಂಗಡಿ ಇರುವುದಿಲ್ಲ. ಹಳೇ ವೈರಿನ ಎರಡು ಎಳೆ ತಾಮ್ರ ಬಿಚ್ಚಿ ಸುತ್ತಿಬಿಡುತ್ತೇವೆ. ಅಲ್ಲಿಗೆ ಆ ಫ್ಯೂಸ್ ಇನ್ನು ಹೋಗುವುದೇ ಇಲ್ಲ, ಗೋಡೆಯೊಳಗಿನ ವೈರ್ ಸುಡುತ್ತದೆ.

ಸರಿಯಾಗಿ ಕಟ್ಟಿದರೂ ಒಂದು ಮಿತಿ ಇದೆ. ಫ್ಯೂಸ್ ವೈರ್ ಕರಗಲು ಅದರ ಮೇಲೆ ಬರೆದ ಆಂಪಿಯರ್‌ನ ಸುಮಾರು ಎರಡು ಪಟ್ಟು ಕರೆಂಟ್ ಹರಿಯಬೇಕು. ಎಂಸಿಬಿ ಹಾಗಲ್ಲ. ಒಂದೂವರೆ ಪಟ್ಟಿಗಿಂತ ಸ್ವಲ್ಪ ಕಡಿಮೆ, ಲೆಕ್ಕದ ಪ್ರಕಾರ 1.45 ಪಟ್ಟು, ಕರೆಂಟ್ ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಶಾರ್ಟ್ ಆದರೆ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ.

ಹಳೇ ಮೇನ್ ಸ್ವಿಚ್‌ಗಳಲ್ಲಿ ಇನ್ನೊಂದು ಅಪಾಯ ಇದೆ. ಕರೆಂಟ್ ತರುವ ಫೇಸ್ ತಂತಿಗೊಂದು, ನ್ಯೂಟ್ರಲ್‌ಗೊಂದು ಫ್ಯೂಸ್ ಇರುತ್ತದೆ. ನ್ಯೂಟ್ರಲ್ ಫ್ಯೂಸ್ ಮಾತ್ರ ಹೋದರೆ ಮನೆಯ ದೀಪಗಳೆಲ್ಲ ಆರುತ್ತವೆ, ಫೇಸ್ ಮಾತ್ರ ಹಾಗೇ ಇರುತ್ತದೆ. ಕರೆಂಟ್ ಇಲ್ಲ ಅಂದುಕೊಂಡು ಹೋಲ್ಡರ್‌ಗೆ ಕೈ ಹಾಕಿದವರಿಗೆ ಶಾಕ್ ಹೊಡೆಯುತ್ತದೆ. ಹೊಸ ಬೋರ್ಡಿನಲ್ಲಿ ಮೇನ್ ಆಗಿ ಡಬಲ್ ಪೋಲ್ ಎಂಸಿಬಿ ಹಾಕುತ್ತಾರೆ. ಅದು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೇ ಕಡಿಯುತ್ತದೆ.

ಮೊದಲ ಕೆಲಸ: ಇರುವುದನ್ನು ಬರೆದುಕೊಳ್ಳಿ

ಒಂದು ಭಾನುವಾರ ಹಗಲಿನಲ್ಲಿ ಒಂದು ಹಾಳೆ ತೆಗೆದುಕೊಂಡು ಕೂರಿ. ಬೋರ್ಡಿನಲ್ಲಿ ಎಷ್ಟು ಫ್ಯೂಸ್ ಇವೆ, ಯಾವುದು ಯಾವ ಕೋಣೆಗೆ ಹೋಗುತ್ತದೆ ಎಂದು ಬರೆಯಿರಿ. ಪಿಂಗಾಣಿ ಕಂದು ಬಣ್ಣಕ್ಕೆ ತಿರುಗಿದೆಯಾ, ಹಲಗೆ ಬಳಿ ಸುಟ್ಟ ವಾಸನೆ ಬರುತ್ತದಾ, ಗೀಸರ್ ಹಾಕಿದಾಗ ಮನೆಯ ದೀಪ ಮಂಕಾಗುತ್ತದಾ, ಇದೆಲ್ಲ ಅದೇ ಹಾಳೆಯಲ್ಲಿ ಇರಲಿ. ನೋಡಿದರೆ, ಮೂಸಿದರೆ ಸಾಕು. ಯಾವುದನ್ನೂ ಮುಟ್ಟಬೇಡಿ.

ಆಮೇಲೆ ಮನೆಯ ದೊಡ್ಡ ಯಂತ್ರಗಳ ವ್ಯಾಟ್ ಬರೆಯಿರಿ. ಹಿಂದೆ ಅಂಟಿಸಿರುವ ಚೀಟಿಯಲ್ಲಿ ಅದು ಇರುತ್ತದೆ. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 2000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ 13. ಇಂಡಕ್ಷನ್ ಒಲೆ ಪೂರ್ತಿ ಉರಿಯಲ್ಲಿ 9ರ ಆಸುಪಾಸು. ಇಸ್ತ್ರಿಪೆಟ್ಟಿಗೆ 4ಕ್ಕಿಂತ ಸ್ವಲ್ಪ ಜಾಸ್ತಿ. ಇವುಗಳಲ್ಲಿ ಯಾವ ಯಾವುದು ಒಂದೇ ಫ್ಯೂಸ್ ಕೆಳಗೆ ಇವೆ ಅಂತ ನೋಡಿ. ಎಷ್ಟೋ ಮನೆಗಳಲ್ಲಿ ಬಚ್ಚಲು, ಅಡುಗೆಮನೆ ಎರಡೂ ಒಂದೇ ಲೈನಿನಲ್ಲಿ ಇರುತ್ತವೆ. ಬೆಳಗ್ಗೆ ಏಳು ಗಂಟೆಗೆ ಗೀಸರ್, ಇಂಡಕ್ಷನ್ ಎರಡೂ ಆನ್ ಆಗಿರುವುದು ಅದೇ ಲೈನಿನ ಮೇಲೆ.

ವಿದ್ಯುತ್ ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದೂ ನೋಡಿಕೊಳ್ಳಿ. ಈಗಿನ ಬಳಕೆ ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಬೇಕಾಗುತ್ತದೆ. ಅದಕ್ಕೆ ಠೇವಣಿ, ಶುಲ್ಕ ಇವೆ. ತಿಂಗಳ ನಿಗದಿತ ಶುಲ್ಕವೂ ಕಿಲೋವ್ಯಾಟ್ ಲೆಕ್ಕದಲ್ಲೇ ಏರುತ್ತದೆ.

ತಂತಿಯ ದಪ್ಪ ನೋಡದೆ ಎಂಸಿಬಿ ಆರಿಸಬೇಡಿ

ಎಂಸಿಬಿ ಇರುವುದು ಗೀಸರ್ ಕಾಯಲಿಕ್ಕಲ್ಲ, ಗೋಡೆಯೊಳಗಿನ ತಂತಿ ಕಾಯಲಿಕ್ಕೆ. ಹಾಗಾಗಿ ಅದರ ಆಂಪಿಯರ್ ನಿರ್ಧರಿಸಬೇಕಾದ್ದು ತಂತಿಯ ದಪ್ಪ. "ಪದೇ ಪದೇ ಬೀಳುತ್ತೆ ಸಾರ್, ದೊಡ್ಡದು ಹಾಕಿಬಿಡೋಣ" ಎಂದು ಯಾರಾದರೂ ಹೇಳಿದರೆ, ಅವರು ತಾಮ್ರದ ಎಳೆ ಸುತ್ತುವ ಕೆಲಸವನ್ನೇ ಹೊಸ ಡಬ್ಬಿಯಲ್ಲಿ ಮಾಡುತ್ತಿದ್ದಾರೆ ಎಂದು ತಿಳಿಯಿರಿ.

ಈಗಿನ ತಾಮ್ರದ ವೈರುಗಳಿಗೆ ಮನೆಗಳಲ್ಲಿ ನಡೆಯುವ ಲೆಕ್ಕ ಹೀಗೆ. 1.5 ಚದರ ಮಿಲಿಮೀಟರ್ ವೈರಿಗೆ 6 ಅಥವಾ 10 ಆಂಪಿಯರ್ ಎಂಸಿಬಿ. 2.5ಕ್ಕೆ 16. 4ಕ್ಕೆ 20, ಬಹಳ ಎಂದರೆ 25. ಹಳೇ ಮನೆಗಳ ವೈರ್ ಅಳತೆಯೇ ಬೇರೆ. ಹಿರಿಯ ಎಲೆಕ್ಟ್ರಿಷಿಯನ್‌ಗಳು ಇವತ್ತಿಗೂ "ತ್ರೀ ಟ್ವೆಂಟಿ, ಸೆವೆನ್ ಟ್ವೆಂಟಿ" ಅನ್ನುತ್ತಾರೆ. 3/20 ಎಂದರೆ 20ನೇ ಗೇಜಿನ ಮೂರು ಎಳೆ, ಸುಮಾರು 2 ಚದರ ಮಿಲಿಮೀಟರ್. 7/20 ಸುಮಾರು 4.5. 3/22, 1/18 ಎರಡೂ 1.2ರ ಹತ್ತಿರ. ಹಳೇ 1.2 ವೈರಿಗೆ 6 ಆಂಪಿಯರ್, 3/20ಕ್ಕೆ 10, ಇದಕ್ಕಿಂತ ಮೇಲೆ ಹೋಗದಿರುವುದೇ ಒಳ್ಳೆಯದು. ಅಲ್ಲಿಗೆ 3000 ವ್ಯಾಟಿನ ಗೀಸರನ್ನು 3/20 ಲೈನಿನಲ್ಲಿ ಇಡುವ ಹಾಗೇ ಇಲ್ಲ. ಅದಕ್ಕೆ ಬೋರ್ಡಿನಿಂದ ನೇರ 4 ಚದರ ಮಿಲಿಮೀಟರ್‌ನ ಹೊಸ ಲೈನ್ ಎಳೆಸಬೇಕು.

ಎಳೆ ಬೆಳ್ಳಗಿದ್ದರೆ ಅದು ಅಲ್ಯೂಮಿನಿಯಂ ಇರಬಹುದು. ತವರ ಬಳಿದ ಹಳೇ ತಾಮ್ರವೂ ಹೊರಗೆ ಬೆಳ್ಳಗೇ ಕಾಣುತ್ತದೆ. ಎಲೆಕ್ಟ್ರಿಷಿಯನ್ ಸ್ವಲ್ಪ ಕೆರೆದು ನೋಡಿದರೆ ಗೊತ್ತಾಗುತ್ತದೆ. ಅಲ್ಯೂಮಿನಿಯಂ ಅದೇ ದಪ್ಪದ ತಾಮ್ರಕ್ಕಿಂತ ಕಡಿಮೆ ಕರೆಂಟ್ ತಡೆದುಕೊಳ್ಳುತ್ತದೆ. ಎಂಸಿಬಿಯನ್ನು ಒಂದು ಹಂತ ಚಿಕ್ಕದು ಹಾಕಬೇಕು. ಅದನ್ನು ತಾಮ್ರದ ಜೊತೆ ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಕೆಲವೇ ಕಾಲದಲ್ಲಿ ಜೋಡಣೆ ಸಡಿಲವಾಗಿ ಬಿಸಿಯಾಗುತ್ತದೆ, ಅದಕ್ಕೆಂದೇ ಇರುವ ಕನೆಕ್ಟರ್ ಬೇಕು. ಇನ್ನು ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದ ರಬ್ಬರ್ ಹೊದಿಕೆಯ ವೈರ್ ಇದ್ದರೆ ಯೋಚನೆಯೇ ಬೇಡ. ಮುಟ್ಟಿದರೆ ರಬ್ಬರ್ ಪುಡಿಯಾಗಿ ಉದುರುತ್ತದೆ. ಅಲ್ಲಿ ಬೋರ್ಡ್ ಅಲ್ಲ, ಪೂರ್ತಿ ವೈರಿಂಗೇ ಬದಲಾಗಬೇಕು.

ಕಣ್ಣಿಗೆ ಕಾಣದ ಹಾನಿ ಹಿಡಿಯಲು ಮೆಗ್ಗರ್ ಎಂಬ ಉಪಕರಣ ಇದೆ. 500 ವೋಲ್ಟ್ ಕೊಟ್ಟು ವೈರಿನ ಹೊದಿಕೆ ಎಷ್ಟು ಗಟ್ಟಿ ಎಂದು ಅಳೆಯುತ್ತದೆ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಲೈನ್ ಕೆಟ್ಟಿದೆ. ಅಳೆಯುವ ಮುಂಚೆ ಪ್ಲಗ್, ಎಲ್‌ಇಡಿ ಬಲ್ಬ್ ಎಲ್ಲ ತೆಗೆದಿಡಬೇಕು.

ಯಾರ ಕೈಲಿ ಮಾಡಿಸುವುದು?

ಮೆಗ್ಗರ್ ಇದೆಯಾ ಎಂದು ಕೇಳುವುದೇ ಒಳ್ಳೆಯ ಮೊದಲ ಪ್ರಶ್ನೆ. ಇಲ್ಲ ಅನ್ನುವವರೆಲ್ಲ ಕೆಟ್ಟ ಕೆಲಸದವರಲ್ಲ. ಆದರೆ ಇದೆ ಅನ್ನುವವರು ಸಾಮಾನ್ಯವಾಗಿ ವೈರ್ ನೋಡದೆ ದರ ಹೇಳುವುದಿಲ್ಲ. ಕರ್ನಾಟಕದಲ್ಲಿ ವಿದ್ಯುತ್ ಗುತ್ತಿಗೆದಾರರಿಗೆ ವಿದ್ಯುತ್ ಪರಿವೀಕ್ಷಣಾಲಯ ಇಲಾಖೆ ಲೈಸೆನ್ಸ್ ಕೊಡುತ್ತದೆ. ಲೋಡ್ ಹೆಚ್ಚಿಸುವುದಿದ್ದರೆ, ಮೀಟರ್ ಜಾಗ ಬದಲಾಯಿಸುವುದಿದ್ದರೆ ಲೈಸೆನ್ಸ್ ಇರುವವರೇ ಬೇಕು. ಬರೀ ಬೋರ್ಡ್ ಕೆಲಸವಾದರೂ ಅವರಿಂದಲೇ ಮಾಡಿಸಿದರೆ ಮುಂದೆ ಕಾಗದ ಪತ್ರಕ್ಕೆ ಅನುಕೂಲ.

ಮೀಟರ್, ಅದರ ಸೀಲ್, ಅದಕ್ಕಿಂತ ಮುಂಚೆ ಇರುವ ಕಟ್‌ಔಟ್ (ಕಂಪನಿ ಹಾಕಿದ ಫ್ಯೂಸ್) ನಿಮ್ಮದಲ್ಲ, ವಿದ್ಯುತ್ ಕಂಪನಿಯದು. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ, ಚೆಸ್ಕಾಂ, ನಿಮ್ಮ ಊರಿಗೆ ಯಾವುದೋ ಅದು. 2002ರಿಂದ ಇಂಥ ಕಂಪನಿಗಳೇ ಕರೆಂಟ್ ಕೊಡುತ್ತಿದ್ದರೂ ನಮ್ಮ ಬಾಯಲ್ಲಿ ಇನ್ನೂ ಕೆಇಬಿಯೇ. ಹಳೇ ಹಲಗೆಯಲ್ಲಿ ಮೀಟರ್, ಮೇನ್ ಸ್ವಿಚ್ ಒಟ್ಟಿಗೇ ಇರುವುದರಿಂದ ಲೈನ್ ಕಡಿತ ಮಾಡಿಸಬೇಕಾಗುತ್ತದೆ. ಆರ್‌ಆರ್ ನಂಬರ್ ಹಿಡಿದು ಸೆಕ್ಷನ್ ಆಫೀಸಿಗೆ ಹೋಗಿ ಒಂದು ಅರ್ಜಿ ಕೊಡಿ, ಲೈನ್‌ಮ್ಯಾನ್ ಬರುವ ದಿನಕ್ಕೆ ಎಲೆಕ್ಟ್ರಿಷಿಯನ್‌ಗೂ ಹೇಳಿ. "ಸೀಲ್ ಬಿಚ್ಚಿ ಆಮೇಲೆ ಹಾಕಿಸಿದರಾಯ್ತು" ಅನ್ನುವ ಮಾತಿಗೆ ಒಪ್ಪಬೇಡಿ. ಮೀಟರ್ ಸೀಲ್‌ಗೆ ಕೈ ಹಾಕುವುದು 2003ರ ವಿದ್ಯುತ್ ಕಾಯ್ದೆಯಲ್ಲಿ ಅಪರಾಧ. ಸಿಕ್ಕಿಹಾಕಿಕೊಳ್ಳುವವರು ಎಲೆಕ್ಟ್ರಿಷಿಯನ್ ಅಲ್ಲ, ಬಿಲ್ಲಿನಲ್ಲಿ ಹೆಸರಿರುವವರು.

ಹೊಸ ಬೋರ್ಡಿನಲ್ಲಿ ಏನಿರಬೇಕು

ಎರಡು ಬೆಡ್‌ರೂಮಿನ ಸಿಂಗಲ್ ಫೇಸ್ ಮನೆಗೆ ಲೈಟು ಫ್ಯಾನಿಗೆ ಎರಡು ಲೈನ್, ಪವರ್ ಪ್ಲಗ್ಗುಗಳಿಗೆ ಒಂದು, ಅಡುಗೆಮನೆಗೆ ಒಂದು, ಗೀಸರ್‌ಗೆ ಒಂದು, ಫ್ರಿಜ್‌ಗೆ ಒಂದು, ಪಂಪಿಗೋ ಎಸಿಗೋ ಒಂದು. ಏಳಾಯಿತು. ಲೈಟನ್ನು ಎರಡು ಲೈನ್ ಮಾಡಿದರೆ ಒಂದು ಬಿದ್ದಾಗ ಮನೆ ಪೂರ್ತಿ ಕತ್ತಲಾಗುವುದಿಲ್ಲ. ಮೋಟರ್ ಇರುವ ಫ್ರಿಜ್, ಪಂಪ್, ಎಸಿಗೆ ಸಿ ಕರ್ವ್ ಎಂಸಿಬಿ ಕೇಳಿ. ಸ್ಟಾರ್ಟ್ ಆಗುವಾಗ ಒಮ್ಮೆ ಜಾಸ್ತಿ ಕರೆಂಟ್ ಎಳೆದರೂ ಅದು ಸುಮ್ಮನೆ ಬೀಳುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ತಂತಿಗೆ ರಕ್ಷಣೆ ಸಿಕ್ಕಿತು, ಮನುಷ್ಯರಿಗೆ ಸಿಗಲಿಲ್ಲ. 9 ವ್ಯಾಟಿನ ಎಲ್‌ಇಡಿ ಬಲ್ಬ್ ಎಳೆಯುವ ಕರೆಂಟ್ ಸುಮಾರು 40 ಮಿಲಿ ಆಂಪಿಯರ್. ಅಷ್ಟು ಕರೆಂಟ್ ಮೈಯಲ್ಲಿ ಕೆಲವು ಕ್ಷಣ ಹರಿದರೆ ಪ್ರಾಣಕ್ಕೇ ಅಪಾಯ. 16 ಆಂಪಿಯರ್ ಎಂಸಿಬಿಗೆ ಅದು ಗೊತ್ತೂ ಆಗುವುದಿಲ್ಲ, ಫ್ಯೂಸಿಗೂ ಅಷ್ಟೇ. ಅದನ್ನು ಹಿಡಿಯುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಎಂದು ಸದಾ ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಆದರೆ ಸೆಕೆಂಡಿನ ಒಂದು ಚೂರಿನಲ್ಲಿ ಲೈನ್ ಕಡಿಯುತ್ತದೆ. ಅಂಗಡಿಯಲ್ಲಿ 100, 300 ಮಿಲಿ ಆಂಪಿಯರಿನದೂ ಇರುತ್ತದೆ. 300ರದ್ದು ಬೆಂಕಿ ತಡೆಯಲು, ಮನುಷ್ಯರನ್ನು ಕಾಯಲು ಅಲ್ಲ. ಮನೆಗೆ ಬೇಕಿರುವುದು 30.

ಆರ್‌ಸಿಸಿಬಿ ಓವರ್‌ಲೋಡಿಗೆ ಬೀಳುವುದಿಲ್ಲ. ಅದಕ್ಕೇ ಅದರ ಮುಂದೆ ಮೇನ್ ಎಂಸಿಬಿ ಇರಬೇಕು. ಮೇನ್ 40 ಆಂಪಿಯರ್ ಆದರೆ ಆರ್‌ಸಿಸಿಬಿ 40ಕ್ಕೆ ಕಡಿಮೆ ಇರಬಾರದು. ಕೈಯಲ್ಲಿ ದುಡ್ಡಿದ್ದರೆ ಎರಡು ಆರ್‌ಸಿಸಿಬಿ ಹಾಕಿಸಿ ಲೈನುಗಳನ್ನು ಹಂಚಿ. ಮಳೆಗಾಲದಲ್ಲಿ ಬಚ್ಚಲ ಗೋಡೆ ನೆನೆದು ಒಂದು ಬಿದ್ದರೂ ಫ್ರಿಜ್ ನಡೆಯುತ್ತಿರುತ್ತದೆ. ಎರಡು ಹಾಕಿದರೆ ನ್ಯೂಟ್ರಲ್ ಬಾರ್ (ನ್ಯೂಟ್ರಲ್ ತಂತಿಗಳನ್ನು ಸೇರಿಸುವ ಪಟ್ಟಿ) ಕೂಡ ಎರಡು ಬೇಕು.

ಡಬ್ಬಿ ಕೊಳ್ಳುವಾಗ ಜಾಗ ಲೆಕ್ಕ ಹಾಕಿ. ಮೇನ್ ಎರಡು ಜಾಗ ತಿನ್ನುತ್ತದೆ, ಆರ್‌ಸಿಸಿಬಿ ಎರಡು, ಏಳು ಸಿಂಗಲ್ ಎಂಸಿಬಿ ಏಳು. 8 ವೇ ಬಾಕ್ಸ್ ಸಾಲುವುದಿಲ್ಲ, 12 ವೇ ತೆಗೆದುಕೊಳ್ಳಿ. ಎಲ್ಲದರ ಮೇಲೂ ಐಎಸ್‌ಐ ಗುರುತು ಇರಲಿ. ಅದರ ಜೊತೆ ಇರುವ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಬಿಲ್ ಕೇಳಿ ಪಡೆಯಿರಿ.

ಅರ್ಥಿಂಗ್ ಇದೆಯೋ ಇಲ್ಲವೋ

ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಮೇಲಿನ ದೊಡ್ಡ ತೂತಿಗೆ ತಂತಿಯೇ ಬಂದಿರುವುದಿಲ್ಲ. ಇನ್ನು ಕೆಲವು ಕಡೆ ಅದನ್ನು ನ್ಯೂಟ್ರಲ್‌ಗೆ ಸೇರಿಸಿಬಿಟ್ಟಿರುತ್ತಾರೆ. ಇದು ತುಂಬಾ ಅಪಾಯ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಫ್ರಿಜ್ಜಿನ ಬಾಗಿಲಿಗೇ ಫೇಸ್ ಬರುತ್ತದೆ.

ಅರ್ಥಿಂಗ್ ಇಲ್ಲದಿದ್ದರೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ. ಆದರೆ ಆಗ ಅದು ಬೀಳುವುದು ಯಾರಾದರೂ ಮುಟ್ಟಿ, ಕರೆಂಟ್ ಅವರ ಮೈಯ ಮೂಲಕ ಹರಿದ ಮೇಲೆ. ಅರ್ಥಿಂಗ್ ಸರಿ ಇದ್ದರೆ ಯಾರೂ ಮುಟ್ಟುವ ಮುಂಚೆಯೇ ಬಿದ್ದಿರುತ್ತದೆ. ಹಿತ್ತಲಲ್ಲಿ ಗುಂಡಿ ತೋಡಿ ಎರಡೂವರೆ ಮೀಟರ್ ಜಿಐ ಪೈಪ್ ಇಳಿಸಿ ಇದ್ದಿಲು, ಉಪ್ಪು ತುಂಬುವುದು ಹಳೇ ರೀತಿ. ಈಗ ಕೆಮಿಕಲ್ ಅರ್ಥಿಂಗ್ ಕೂಡ ಸಿಗುತ್ತದೆ. ಯಾವುದಾದರೂ ಸರಿ, ಗುಂಡಿಯಿಂದ ಬೋರ್ಡಿನ ಅರ್ಥ್ ಬಾರ್‌ಗೆ, ಅಲ್ಲಿಂದ ಪ್ರತಿ ಸಾಕೆಟ್‌ಗೆ ಹಸಿರು ತಂತಿ ಹೋಗಬೇಕು. ಮಲೆನಾಡು, ಕರಾವಳಿಯಲ್ಲಿ ಸಿಡಿಲಿನ ಹೊಡೆತದಿಂದ ಯಂತ್ರಗಳನ್ನು ಕಾಯುವ ಎಸ್‌ಪಿಡಿ ಹಾಕಿಸುವವರಿಗೂ ಅರ್ಥಿಂಗ್ ಇಲ್ಲದೆ ಅದನ್ನು ಹಾಕಿಸಿ ಪ್ರಯೋಜನ ಇಲ್ಲ.

ಕೆಲಸದ ದಿನ

ಬೆಳಗ್ಗೆ ಬೇಗ ಶುರು ಮಾಡಿಸಿ. ನಾಲ್ಕರಿಂದ ಆರು ಗಂಟೆ ಕರೆಂಟ್ ಇರುವುದಿಲ್ಲ. ಹಿಂದಿನ ದಿನವೇ ಟ್ಯಾಂಕ್ ತುಂಬಿಸಿ, ದೋಸೆ ಹಿಟ್ಟು ರುಬ್ಬಿಕೊಳ್ಳಿ.

ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನು ಆಫ್ ಮಾಡಿ ಬ್ಯಾಟರಿ ಕನೆಕ್ಷನ್ನೂ ಬಿಚ್ಚಿಸಬೇಕು. ಕಂಬದಲ್ಲೇ ಲೈನ್ ತೆಗೆದರೂ ಯುಪಿಎಸ್‌ನಿಂದ ಬೋರ್ಡಿಗೆ 230 ವೋಲ್ಟ್ ಬರುತ್ತಿರುತ್ತದೆ. ಮೇಲ್ಛಾವಣಿಯ ಸೋಲಾರ್ ಇದ್ದರೆ ಅದನ್ನೂ ಆಫ್ ಮಾಡಿಸಿ. ಬರೀ ಟೆಸ್ಟರ್ ನಂಬುವುದು ಬೇಡ, ಮಲ್ಟಿಮೀಟರಿನಲ್ಲೋ ಟೆಸ್ಟ್ ಲ್ಯಾಂಪಿನಲ್ಲೋ ಎರಡನೇ ಸಲ ನೋಡಲಿ.

ಹಳೇ ಹಲಗೆ ಬಿಚ್ಚುವ ಮುಂಚೆ ಪ್ರತಿ ತಂತಿಗೂ ಚೀಟಿ ಅಂಟಿಸಬೇಕು, ಫೇಸ್‌ಗೆ ಮಾತ್ರ ಅಲ್ಲ, ಅದರ ಜೋಡಿ ನ್ಯೂಟ್ರಲ್‌ಗೂ. ಕೆಲಸ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಹಳೇ ಮನೆಗಳಲ್ಲಿ ನ್ಯೂಟ್ರಲ್‌ಗಳನ್ನೆಲ್ಲ ಗೋಡೆಯೊಳಗೆ ಎಲ್ಲೋ ಸೇರಿಸಿ ಒಂದೇ ತಂತಿ ತಂದಿರುತ್ತಾರೆ. ಫ್ಯೂಸಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಎರಡು ಆರ್‌ಸಿಸಿಬಿ ಹಾಕಿ, ಒಂದರ ಫೇಸು ಇನ್ನೊಂದರ ನ್ಯೂಟ್ರಲ್‌ನಲ್ಲಿ ವಾಪಸ್ ಬಂದರೆ ಲೆಕ್ಕ ತಪ್ಪಿ ಎರಡೂ ಬೀಳುತ್ತವೆ. ಬಿಡಿಸಲು ಆಗದಷ್ಟು ಗೋಜಲಾಗಿದ್ದರೆ ಆ ಲೈನುಗಳನ್ನೆಲ್ಲ ಒಂದೇ ಆರ್‌ಸಿಸಿಬಿ ಕೆಳಗೆ ಇಡುವುದೇ ದಾರಿ. ಯುಪಿಎಸ್‌ಗೂ ಇದೇ ಮಾತು. ಅದಕ್ಕೆ ಹೋಗುವ ಫೇಸನ್ನು ಆರ್‌ಸಿಸಿಬಿಗಿಂತ ಮುಂಚೆ ತೆಗೆದು, ನ್ಯೂಟ್ರಲ್ ಆಮೇಲೆ ಕೊಟ್ಟಿದ್ದರೆ ಬೀಳುತ್ತಲೇ ಇರುತ್ತದೆ.

ಹೀಗೆ ಬೀಳತೊಡಗಿದಾಗ ಸಂಜೆ ಆರು ಗಂಟೆ ಆಗಿರುತ್ತದೆ. ಎಲ್ಲರಿಗೂ ಸುಸ್ತು. "ನಿಮ್ಮ ಮನೆಗೆ ಇದು ಆಗಿಬರಲ್ಲ" ಎಂದು ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಹೋಗುವವರಿದ್ದಾರೆ. ಡಬ್ಬಿಯಲ್ಲಿ ಅದು ಕೂತಿರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಅದಕ್ಕೆ ಒಪ್ಪಬೇಡಿ, ತಪ್ಪು ಎಲ್ಲಿದೆ ಎಂದು ಮರುದಿನ ಬಂದು ಹುಡುಕಲಿ. ಪೂರ್ತಿ ಹಣ ಕೊಡುವುದು ಅದಾದ ಮೇಲೆ ಎಂದು ಮೊದಲೇ ಮಾತಾಡಿಕೊಂಡಿದ್ದರೆ ಸಲೀಸು.

ಬೋರ್ಡ್ ಇರುವ ಜಾಗ ಒಣಗಿರಲಿ, ಎದೆಯಿಂದ ತಲೆಯವರೆಗಿನ ಎತ್ತರದಲ್ಲಿರಲಿ. ಗ್ಯಾಸ್ ಒಲೆಯ ಮೇಲೆ, ಬಚ್ಚಲ ಒಳಗೆ ಬೇಡ. ಖಾಲಿ ಜಾಗಗಳಿಗೆ ಮುಚ್ಚಳ ಹಾಕಿಸಿ, ಇಲ್ಲದಿದ್ದರೆ ಹಲ್ಲಿ ಹೋಗುತ್ತದೆ. ಪ್ರತಿ ಎಂಸಿಬಿಗೂ ಕನ್ನಡದಲ್ಲೇ ಹೆಸರು ಬರೆಸಿ: ಅಡುಗೆಮನೆ, ಗೀಸರ್, ಅಜ್ಜಿ ಕೋಣೆ.

ಖರ್ಚಿನ ಲೆಕ್ಕ

ಮೇಲೆ ಹೇಳಿದ ಏಳು ಲೈನಿನ ಮನೆಗೆ ಅಂದಾಜು ಕೊಡುತ್ತೇನೆ. ಊರು, ಕಂಪನಿ, ತಾಮ್ರದ ಬೆಲೆಯ ಮೇಲೆ ಹೆಚ್ಚು ಕಡಿಮೆ ಆಗುತ್ತದೆ.

12 ವೇ ಡಬಲ್ ಡೋರ್ ಬಾಕ್ಸ್: 1,800ರಿಂದ 3,000 ರೂಪಾಯಿ
ಮೇನ್ ಡಬಲ್ ಪೋಲ್ ಎಂಸಿಬಿ: 500ರಿಂದ 900
30 ಮಿಲಿ ಆಂಪಿಯರ್ ಆರ್‌ಸಿಸಿಬಿ ಒಂದಕ್ಕೆ: 1,600ರಿಂದ 2,800
ಸಿಂಗಲ್ ಎಂಸಿಬಿ ಏಳು: ಒಟ್ಟು 1,100ರಿಂದ 2,100
ತುಂಡು ವೈರ್, ಲಗ್, ಸ್ಕ್ರೂ, ಗೋಡೆ ಮುಚ್ಚಲು ಸಿಮೆಂಟು: 500ರಿಂದ 1,000
ಕೂಲಿ: 2,000ದಿಂದ 4,000

ಒಟ್ಟು 7,500ರಿಂದ 14,000 ರೂಪಾಯಿ. ಎರಡನೇ ಆರ್‌ಸಿಸಿಬಿ ಹಾಕಿದರೆ ಅದರ ಬೆಲೆ ಸೇರಿಸಿ. ಹೊಸ ಅರ್ಥಿಂಗ್‌ಗೆ 4,000ದಿಂದ 8,000. ನೆಲದಲ್ಲಿ ಕಲ್ಲು ಸಿಕ್ಕರೆ ಇನ್ನೂ ಜಾಸ್ತಿ. ಗೀಸರ್‌ಗೆ ಬೇರೆ ಲೈನ್ ಎಳೆಯಲು ವೈರಿಗೇ ಎರಡು ಮೂರು ಸಾವಿರ ಹಿಡಿಯುತ್ತದೆ. ಗೋಡೆ ಕೊರೆಯುವ ಬದಲು ಹೊರಗೆ ಕೇಸಿಂಗ್ ಪಟ್ಟಿಯಲ್ಲಿ ಒಯ್ದರೆ ಕೂಲಿ ಉಳಿಯುತ್ತದೆ, ನೋಡಲು ಅಷ್ಟೇನೂ ಚೆನ್ನಾಗಿರುವುದಿಲ್ಲ. ಪೂರ್ತಿ ಮನೆಯ ವೈರಿಂಗ್ ಬದಲಾಯಿಸುವುದಾದರೆ ಲೆಕ್ಕ 50 ಸಾವಿರದಿಂದ ಶುರುವಾಗಿ ಲಕ್ಷದ ಆಚೆಗೂ ಹೋಗಬಹುದು.

ಒಂದೇ ಸಲ ಆಗದಿದ್ದರೆ ಬೋರ್ಡ್, ಆರ್‌ಸಿಸಿಬಿ, ಅರ್ಥಿಂಗ್ ಈ ವರ್ಷ ಮಾಡಿಸಿ. ಗೀಸರ್ ಲೈನ್ ಮುಂದಿನ ವರ್ಷಕ್ಕೆ ಇಡಬಹುದು, ಅಲ್ಲಿವರೆಗೆ ಚಿಕ್ಕ ಗೀಸರ್ ಬಳಸಿ. ಆರ್‌ಸಿಸಿಬಿಯನ್ನು ಮಾತ್ರ ಉಳಿತಾಯದ ಪಟ್ಟಿಗೆ ಸೇರಿಸಬೇಡಿ. ಡಬಲ್ ಡೋರ್ ಬದಲು ಸಿಂಗಲ್ ಡೋರ್ ಬಾಕ್ಸ್ ತೆಗೆದುಕೊಂಡರೂ ನಡೆಯುತ್ತದೆ.

ಹಾಕಿಸಿದ ಮೇಲೆ

ಆರ್‌ಸಿಸಿಬಿ ಮೇಲೆ ಟಿ ಎಂದು ಬರೆದ ಗುಂಡಿ ಇರುತ್ತದೆ. ಕರೆಂಟ್ ಇರುವಾಗ ತಿಂಗಳಿಗೊಮ್ಮೆ ಒತ್ತಿ. ತಟ್ಟನೆ ಬೀಳಬೇಕು. ಬೀಳದಿದ್ದರೆ ಅದು ಕೆಟ್ಟಿದೆ, ಇಲ್ಲವೇ ಯಾರೋ ಬೈಪಾಸ್ ಮಾಡಿದ್ದಾರೆ.

ಎಂಸಿಬಿ ತಾನಾಗಿ ಬಿದ್ದರೆ ಆ ಲೈನಿನ ಪ್ಲಗ್ಗುಗಳನ್ನೆಲ್ಲ ತೆಗೆದು, ಒಮ್ಮೆ ಮೇಲೆತ್ತಿ. ನಿಂತರೆ ಒಂದೊಂದೇ ಪ್ಲಗ್ ಹಾಕುತ್ತ ಬನ್ನಿ, ಯಾವುದು ಹಾಕಿದಾಗ ಬೀಳುತ್ತದೋ ಆ ಯಂತ್ರ ರಿಪೇರಿಗೆ ಹೋಗಲಿ. ಏನೂ ಹಾಕದೆಯೂ ಬೀಳುತ್ತಿದ್ದರೆ ತೊಂದರೆ ಗೋಡೆಯೊಳಗಿದೆ. ಮತ್ತೆ ಮತ್ತೆ ಎತ್ತಬೇಡಿ. ಆ ಒಂದು ಲೈನ್ ಆಫ್ ಇರಲಿ, ಉಳಿದದ್ದು ಬಳಸುತ್ತಾ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಸುಟ್ಟ ವಾಸನೆಯೂ ಬರುತ್ತಿದ್ದರೆ ಮೇನ್ ಇಳಿಸಿ. ಮೀಟರ್ ಕಡೆಯಿಂದ ಹೊಗೆ, ಕಿಡಿ ಕಂಡರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿ.